ಜಮೀನಿಗೆ ಭೂಸ್ವಾಧೀನ ನೋಟಿಸ್ ಬಂದ್ರೆ ಏನ್ ಮಾಡ್ಬೇಕು

ಕರ್ನಾಟಕದಲ್ಲಿ ಜಮೀನಿರೋ ಯಾರಿಗೆ ಬೇಕಾದ್ರೂ ಬರಬಹುದಾದ ಕಾಗದ ಇದು. ರಿಂಗ್ ರೋಡು, ಹೈವೇ, ಇಂಡಸ್ಟ್ರಿಯಲ್ ಏರಿಯಾ, ಲೇಔಟು, ಕಾಲುವೆ, ಏನೋ ಒಂದು ಕಾರಣ ಇರುತ್ತೆ. ಬಂದ ತಕ್ಷಣ ಊರಲ್ಲಿ ಎರಡು ಥರದ ಮಾತು ಶುರುವಾಗುತ್ತೆ. ಒಂದು, "ಗೌರ್ಮೆಂಟ್ ಮನಸ್ಸು ಮಾಡಿದ್ಮೇಲೆ ತಗೊಂಡೇ ತಗೊಳ್ತಾರೆ, ನಮ್ಮ ಕೈಲಿ ಏನಾಗುತ್ತೆ". ಇನ್ನೊಂದು, "ಆ ನೋಟಿಸ್ ಈಸ್ಕೊಬೇಡಿ, ಸೈನ್ ಹಾಕಿದ್ರೆ ಒಪ್ಕೊಂಡಂಗೆ". ಎರಡೂ ತಪ್ಪು, ಅದರಲ್ಲೂ ಎರಡನೇದು ಜಾಸ್ತಿ ಹಾಳು ಮಾಡುತ್ತೆ. ನೋಟಿಸ್ ತಗೊಂಡು ಸೈನ್ ಹಾಕಿದ್ರೆ "ಕಾಗದ ತಲುಪಿದೆ" ಅಂತ ಅಷ್ಟೇ ಅರ್ಥ, ಜಮೀನು ಬಿಟ್ಟುಕೊಟ್ಟೆ ಅಂತ ಅಲ್ಲ. ತಗೊಳ್ಳಲ್ಲ ಅಂದ್ರೆ ಮನೆ ಬಾಗಿಲಿಗೆ ಅಂಟಿಸಿ, ಮಹಜರು ಬರ್ಕೊಂಡು ಹೋಗ್ತಾರೆ, ದಿನ ಎಣಿಕೆ ಶುರುವಾಗುತ್ತೆ, ನಿಮ್ಮ ಕೈಲಿ ಮಾತ್ರ ಓದಕ್ಕೆ ಕಾಗದನೇ ಇರಲ್ಲ.

ಸರ್ಕಾರದ ಮೇಲೆ ನಂಬಿಕೆ ಇಲ್ಲ ಅನ್ನೋದನ್ನ ನಾನು ತಪ್ಪು ಅನ್ನಲ್ಲ, ಅದಕ್ಕೆ ಕಾರಣ ಬೇಕಾದಷ್ಟಿದೆ. ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಗೆ ಅಂತ 2003ರಲ್ಲಿ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ನೋಟಿಫೈ ಮಾಡಿ 2005ರಲ್ಲಿ ಸ್ವಾಧೀನ ತಗೊಂಡ ಜಮೀನುಗಳಿಗೆ ಐತೀರ್ಪು (ಪರಿಹಾರ ಎಷ್ಟು ಅಂತ ಹೊರಡಿಸೋ ಆದೇಶ) ಆಗಿದ್ದು 2019ರಲ್ಲಿ, ಅದೂ 2011ರ ರೇಟ್ ಹಿಡ್ಕೊಂಡು. ಕೊನೆಗೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ, 2019ರ ಏಪ್ರಿಲ್‌ನ ಮಾರ್ಕೆಟ್ ಬೆಲೆಗೆ ಲೆಕ್ಕ ಹಾಕಿ ಕೊಡಿ ಅಂತ ಹೇಳ್ಬೇಕಾಯ್ತು. ಹಿಮಾಚಲ ಪ್ರದೇಶದಲ್ಲಂತೂ 1967-68ರಲ್ಲಿ ರಸ್ತೆಗೆ ಅಂತ ಒಬ್ಬ ಓದುಬರಹ ಬರದ ಹೆಂಗಸಿನ ಜಮೀನನ್ನ ಯಾವ ಪ್ರಕ್ರಿಯೆನೂ ಇಲ್ದೆ ತಗೊಂಡಿದ್ರು, ಆಮೇಲೆ ಇಷ್ಟು ವರ್ಷ ನಮ್ಮ ಕೈಲೇ ಇದೆ ಹಾಗಾಗಿ ನಮ್ದೇ ಅಂತ ವಾದ ಬೇರೆ ಮಾಡಿದ್ರು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪದೆ ಪರಿಹಾರ ಕೊಡಿಸ್ತು. ಹಾಗಾಗಿ ಅನುಮಾನ ಪಡಿ, ಖಂಡಿತ ಪಡಿ. ಆದ್ರೆ ಆ ಅನುಮಾನ ಕಟ್ಟೆ ಮೇಲಿನ ಮಾತಾಗಿ ಉಳಿದ್ರೆ ಉಪಯೋಗ ಇಲ್ಲ, ಅದು ತಾರೀಖು ಹಾಕಿ ಸೀಲ್ ಒತ್ತಿಸ್ಕೊಂಡ ಕಾಗದ ಆಗ್ಬೇಕು.

ಕೈಗೆ ಬಂದ ದಿನ ಮೊದಲು ನೋಡ್ಬೇಕಾದ್ದು ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ. ಎಷ್ಟು ದಿನದೊಳಗೆ ಆಕ್ಷೇಪಣೆ ಹಾಕ್ಬೇಕು ಅನ್ನೋದು ಇದರ ಮೇಲೇ ನಿಂತಿರೋದು. 2013ರ ಭೂಸ್ವಾಧೀನ ಕಾಯ್ದೆ (ಇದು ಜಾರಿಗೆ ಬಂದಿದ್ದು 2014ರ ಜನವರಿ 1ರಿಂದ) ಆಗಿದ್ರೆ ಸೆಕ್ಷನ್ 11ರ ಪ್ರಾಥಮಿಕ ಅಧಿಸೂಚನೆ ಪ್ರಕಟ ಆದ ದಿನದಿಂದ 60 ದಿನ. ಗಮನಿಸಿ, ಪ್ರಕಟ ಆದ ದಿನದಿಂದ, ನಿಮಗೆ ಗೊತ್ತಾದ ದಿನದಿಂದ ಅಲ್ಲ. ಕೆಐಎಡಿಬಿ ಆಗಿದ್ರೆ 1966ರ ಕಾಯ್ದೆಯ 28(1) ಪ್ರಾಥಮಿಕ ಅಧಿಸೂಚನೆ, 28(2) ನಿಮಗೆ ಬರೋ ನೋಟಿಸು, ಅದು ಜಾರಿ ಆದಮೇಲೆ 30 ದಿನ, 28(4) ಅಂತಿಮ ಅಧಿಸೂಚನೆ. ನ್ಯಾಷನಲ್ ಹೈವೇ ಆಗಿದ್ರೆ 1956ರ ಕಾಯ್ದೆ, 3ಎ ಅಧಿಸೂಚನೆ ಆಗಿ ಬರೀ 21 ದಿನ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಲೇಔಟ್ ಆಗಿದ್ರೆ 1976ರ ಕಾಯ್ದೆಯ ಸೆಕ್ಷನ್ 17 ಪ್ರಾಥಮಿಕ, 19 ಅಂತಿಮ. ಕಾಗದದ ಮೇಲೆ ಬಂದ ದಿನದ ತಾರೀಖು, ಟೈಮು, ತಂದುಕೊಟ್ಟವರ ಹೆಸರು ಪೆನ್ನಲ್ಲಿ ಬರೆದಿಡಿ, ಪೋಸ್ಟಲ್ಲಿ ಬಂದಿದ್ರೆ ಕವರ್ ಬಿಸಾಕ್ಬೇಡಿ, ಅದರ ಮೇಲಿನ ಮುದ್ರೆನೇ ನಾಳೆ ಸಾಕ್ಷಿ.

ನೋಟಿಸ್ ಬರೋವರೆಗೂ ಕಾಯ್ಬೇಕು ಅಂತೇನಿಲ್ಲ. ಎಷ್ಟೋ ಜನಕ್ಕೆ ಗೊತ್ತಾಗೋದು ಸಾಲಕ್ಕೆ ಅಂತ ಪಹಣಿ ತೆಗ್ಸಿದಾಗ, 11ನೇ ಕಾಲಂನಲ್ಲಿ ಇಲಾಖೆ ಹೆಸರು ಕೂತಿರುತ್ತೆ. ಹಾಗಾಗಿ ವರ್ಷಕ್ಕೆ ಒಂದೆರಡು ಸಲ ಪಹಣಿ ತೆಗ್ದು 9ನೇ (ಮಾಲೀಕರ ಹೆಸರು) ಮತ್ತೆ 11ನೇ (ಬೇರೆ ಹಕ್ಕು, ಋಣ) ಕಾಲಂ ಓದೋ ಅಭ್ಯಾಸ ಇಟ್ಕೊಳ್ಳಿ, ಪೂರ್ತಿ ಓದಿ, ಹೆಸರು ನೋಡಿ ಮಡಚಿಡಬೇಡಿ.

ದಾಖಲೆ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಜನ ಸೋಲೋದು ಕೋರ್ಟಲ್ಲಿ ಅಲ್ಲ, ಇಲ್ಲೇ. ನೋಟಿಸು ತಾತನ ಹೆಸರಿಗೆ ಬರುತ್ತೆ, ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿರುತ್ತೆ, ಪೌತಿ ಖಾತೆ (ತೀರ್ಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡ್ಸಿರಲ್ಲ, ಅಣ್ತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡ್ಕೊಂಡು ಅವರವರ ತುಂಡಲ್ಲಿ ಉಳ್ತಿರ್ತಾರೆ, ಪೋಡಿ (ಸರ್ವೆ ಮಾಡಿ ಪಾಲು ಬೇರ್ಪಡಿಸೋದು) ಆಗಿರಲ್ಲ. ಪರಿಹಾರದ ಹೊತ್ತಿಗೆ ಒಬ್ಬರು ತಕರಾರು ಹಾಕಿದ್ರೂ ದುಡ್ಡು ಯಾರಿಗೂ ಸಿಗದೆ ಡೆಪಾಸಿಟ್ ಆಗಿ ಕೂತ್ಬಿಡುತ್ತೆ. ಹೆಣ್ಮಕ್ಕಳ ಪಾಲನ್ನ ಬಿಟ್ಟು ವಂಶವೃಕ್ಷ ಮಾಡ್ಸಿದ್ರೆ ಅದೇ ತಕರಾರಿನ ಮೂಲ ಆಗುತ್ತೆ, ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು ಅನ್ನೋದು 2005ರ ತಿದ್ದುಪಡಿಯಿಂದಲೇ ಇದೆ. ಮೊದಲು ಮನೆಯವರೆಲ್ಲಾ ಕೂತು ಮಾತಾಡಿ, ಆಮೇಲೆ ಪೌತಿ ಖಾತೆ, ವಂಶವೃಕ್ಷ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ಇಸಿ (ಋಣಭಾರ ಪ್ರಮಾಣಪತ್ರ), ಕ್ರಯಪತ್ರ ಅಥವಾ ವಿಭಾಗಪತ್ರ, ಸರ್ವೆ ಸ್ಕೆಚ್, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಇವನ್ನೆಲ್ಲಾ ಒಂದು ಫೈಲಲ್ಲಿ ಸೇರ್ಸಿ. ದೃಢೀಕೃತ ಪ್ರತಿ ತಗೊಳ್ಳಿ, ಒರಿಜಿನಲ್ ಯಾರ ಕೈಗೂ ಕೊಡ್ಬೇಡಿ, ಸಾಹೇಬ್ರು ಕೇಳಿದ್ರೂ ತೋರ್ಸಿ ವಾಪಸ್ ಇಟ್ಕೊಳ್ಳಿ.

ಜಮೀನಲ್ಲಿ ಇರೋದನ್ನೆಲ್ಲಾ ಈಗ್ಲೇ ಫೋಟೋ, ವಿಡಿಯೋ ಮಾಡಿ. ಬೋರ್‌ವೆಲ್, ಪೈಪ್‌ಲೈನು, ತೆಂಗು, ಅಡಿಕೆ, ಮಾವು ಎಷ್ಟು ಮರ, ಎಷ್ಟು ವಯಸ್ಸು, ಮನೆ, ಕೊಟ್ಟಿಗೆ, ಬೇಲಿ. ಜಂಟಿ ಮೋಜಣಿಗೆ (ಇಲಾಖೆಗಳವರು ಸೇರಿ ಮಾಡೋ ಅಳತೆಗೆ) ಬಂದ ದಿನ ನೀವು ಅಲ್ಲಿ ಇರಲೇಬೇಕು, ಅಳತೆ ಮಾಡೋರಿಗೆ ಅಡ್ಡ ನಿಂತು ವಾಪಸ್ ಕಳ್ಸೋದಕ್ಕಿಂತ ಪ್ರತಿಯೊಂದು ಮರನೂ ಲಿಸ್ಟಲ್ಲಿ ಬಂತಾ ಅಂತ ನೋಡೋದು ಮುಖ್ಯ, ಅವತ್ತು ಬಿಟ್ಟುಹೋದ ಬೋರ್‌ವೆಲ್ಲನ್ನ ಆಮೇಲೆ ಸೇರ್ಸೋಕೆ ಸುತ್ತಿ ಸುತ್ತಿ ಚಪ್ಪಲಿ ಸವೆಯುತ್ತೆ. ಖಾಲಿ ಹಾಳೆಗೆ, ಖಾಲಿ ಮಹಜರಿಗೆ ಸೈನ್ ಬೇಡ. ಲಿಸ್ಟ್ ತಪ್ಪಿದೆ ಅನ್ಸಿದ್ರೆ ಸೈನಿನ ಪಕ್ಕದಲ್ಲೇ "ಇಂತಿಂಥದ್ದು ಬಿಟ್ಟುಹೋಗಿದೆ, ನನ್ನ ಒಪ್ಪಿಗೆ ಇಲ್ಲ" ಅಂತ ಬರೀರಿ.

ಇನ್ನು ಆಕ್ಷೇಪಣೆ ಅರ್ಜಿ. ಊರಲ್ಲಿ ಯಾರೋ ಒಬ್ಬರು ಟೈಪ್ ಮಾಡ್ಸಿ, ಹೆಸರು ಜಾಗ ಮಾತ್ರ ಖಾಲಿ ಬಿಟ್ಟು ಎಲ್ಲರಿಗೂ ಹಂಚ್ತಾರೆ, ಎಲ್ಲರೂ ಸೈನ್ ಹಾಕಿ ಕೊಡ್ತಾರೆ, ಆಫೀಸಲ್ಲಿ ಅದಕ್ಕೆ ಒಂದೇ ಸಾಲಿನ ಉತ್ತರ ಬರುತ್ತೆ. ಸಾಮೂಹಿಕ ಮನವಿ ಇರ್ಲಿ, ಆದ್ರೆ ಪ್ರತಿ ಸರ್ವೆ ನಂಬರಿಗೂ ಬೇರೆ ಅರ್ಜಿ ಹಾಕಿ. ಅದರಲ್ಲಿ "ನಮಗೆ ಇದೇ ಜೀವನ" ಅನ್ನೋದು ಬರೀರಿ, ಅದು ನಿಜ, ಆದ್ರೆ ಅದರ ಜೊತೆಗೆ ಅವರು ಉತ್ತರ ಕೊಡ್ಲೇಬೇಕಾದ ವಿಷಯಗಳನ್ನ ಹಾಕಿ: ನೀರಾವರಿ ಇರೋ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯೋ ಜಮೀನು ಇದು, 2013ರ ಕಾಯ್ದೆಯ ಸೆಕ್ಷನ್ 10ರ ಪ್ರಕಾರ ಇಂಥದ್ದನ್ನ ಬೇರೆ ದಾರಿ ಇಲ್ದಾಗ ಮಾತ್ರ ತಗೋಬೇಕು, ಪಕ್ಕದಲ್ಲೇ ಇಂಥ ಸರ್ವೆ ನಂಬರಲ್ಲಿ ಸರ್ಕಾರಿ ಜಾಗ ಇದೆ, ಯೋಜನೆಗೆ ನಿಜವಾಗ್ಲೂ ಇಷ್ಟು ಎಕರೆ ಬೇಕಾ, ಸಾಮಾಜಿಕ ಪರಿಣಾಮದ ಅಧ್ಯಯನ ಆಗಿದ್ಯಾ, ಆಗಿದ್ರೆ ಪ್ರತಿ ಎಲ್ಲಿ. ರಾಜ್ಯ ಸರ್ಕಾರ 2019ರ ತಿದ್ದುಪಡಿಯಲ್ಲಿ ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಇಟ್ಕೊಂಡಿದೆ, ಹಾಗಾಗಿ ವಿನಾಯಿತಿ ಕೊಟ್ಟಿದ್ರೆ ಅದರ ಆದೇಶದ ಪ್ರತಿನೂ ಕೇಳಿ. ಕಂಪನಿಗೋಸ್ಕರ 2013ರ ಕಾಯ್ದೆಯಲ್ಲಿ ತಗೊಳ್ತಿದ್ರೆ ಬಾಧಿತ ಕುಟುಂಬಗಳಲ್ಲಿ 80 ಪರ್ಸೆಂಟ್ ಒಪ್ಪಿಗೆ ಬೇಕು, ಸರ್ಕಾರಿ-ಖಾಸಗಿ ಸಹಭಾಗಿತ್ವ ಆದ್ರೆ 70. ಕೊನೆಯಲ್ಲಿ "ನನಗೆ ಖುದ್ದು ವಿಚಾರಣೆಗೆ ಅವಕಾಶ ಕೊಡಿ" ಅನ್ನೋ ಸಾಲು ಮರೀಬೇಡಿ.

ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಖು, ಸೈನು ಹಾಕಿಸ್ಕೊಳ್ಳಿ. ಆಫೀಸಿನ ಟಪಾಲು ವಿಭಾಗದಲ್ಲಿ "ಇಟ್ಟು ಹೋಗಿ, ಆಮೇಲೆ ನೋಡ್ತೀವಿ" ಅಂದ್ರೆ ವಾದ ಮಾಡ್ಬೇಡಿ, ಅವತ್ತೇ ಅಕ್ನಾಲೆಜ್‌ಮೆಂಟ್ ಸಮೇತ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ವಿಚಾರಣೆಗೆ ಹೋದಾಗ ಬಾಯಲ್ಲಿ ಹೇಳಿದ್ದನ್ನೆಲ್ಲಾ ಬರವಣಿಗೆಯಲ್ಲೂ ಕೊಡಿ, ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗಲ್ಲ. 2024ರ ಮೇ ತಿಂಗಳಲ್ಲಿ ಕೋಲ್ಕತ್ತ ಮುನ್ಸಿಪಲ್ ಕಾರ್ಪೊರೇಷನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 300ಎ ವಿಧಿ ಅಡಿ ಆಸ್ತಿ ಹಕ್ಕನ್ನ ಏಳು ಭಾಗ ಮಾಡಿ ಹೇಳಿದೆ. ನೋಟಿಸ್ ಕೊಡ್ಬೇಕು, ಆಕ್ಷೇಪಣೆ ಕೇಳ್ಬೇಕು, ಕಾರಣ ಸಮೇತ ತೀರ್ಮಾನ ತಿಳಿಸ್ಬೇಕು, ಸಾರ್ವಜನಿಕ ಉದ್ದೇಶ ಇದೆ ಅಂತ ತೋರಿಸ್ಬೇಕು, ನ್ಯಾಯವಾದ ಪರಿಹಾರ ಕೊಡ್ಬೇಕು, ಪ್ರಕ್ರಿಯೆನ ಟೈಮಿಗೆ ಸರಿಯಾಗಿ ನಡೆಸ್ಬೇಕು, ಅದನ್ನ ಪೂರ್ತಿ ಮುಗಿಸ್ಬೇಕು. ಇದರಲ್ಲಿ ಯಾವುದು ತಪ್ಪಿದೆ ಅಂತ ನೀವು ತೋರ್ಸೋಕೆ ಆಗೋದು ನೀವು ಆಕ್ಷೇಪಣೆ ಹಾಕಿದ್ರೆ ಮಾತ್ರ.

ಮಾಹಿತಿ ಹಕ್ಕು ಅರ್ಜಿನೂ ಜೊತೆಜೊತೆಗೇ ಹಾಕಿ. 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಬರ್ಬೇಕು, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಎಲ್ಲಾ ಒಂದರಲ್ಲೇ ತುರುಕ್ಬೇಡಿ, ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಪ್ರಸ್ತಾವನೆ ಪತ್ರಕ್ಕೆ ಒಂದು, ಕಡತದ ಟಿಪ್ಪಣಿ ಹಾಳೆಗಳಿಗೆ ಒಂದು, ಕೈಬಿಟ್ಟ ಸರ್ವೆ ನಂಬರ್‌ಗಳ ಪಟ್ಟಿಗೆ ಒಂದು. ಈ ಮೂರನೇದು ಬಹಳ ಮುಖ್ಯ. ಪಕ್ಕದ ದೊಡ್ಡವರ ಜಮೀನು ಬಿಟ್ಟು ನಿಮ್ದು ಮಾತ್ರ ಸೇರ್ಸಿದ್ರೆ ಅದನ್ನ ತೋರಿಸೋಕೆ ಬೇರೆ ದಾರಿ ಇಲ್ಲ. ಅರ್ಕಾವತಿ ಲೇಔಟ್ ಕೇಸಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಅದೇ ಥರದ ಅಕ್ಕಪಕ್ಕದ ಜಮೀನು ಬಿಟ್ಟಿದ್ರೆ ಉಳಿದವರೂ ತಮ್ಮದನ್ನ ಬಿಡಿ ಅಂತ ಕೇಳಬಹುದು ಅನ್ನೋ ಅವಕಾಶ ಇಟ್ಟಿತ್ತು.

ಈ ಹೊತ್ತಿಗೆ ಬ್ರೋಕರ್‌ಗಳು ಬಂದಿರ್ತಾರೆ. "ಮಿನಿಸ್ಟ್ರು ಗೊತ್ತು, ಡಿನೋಟಿಫೈ ಮಾಡಿಸ್ತೀನಿ (ಸ್ವಾಧೀನದಿಂದ ಬಿಡಿಸ್ತೀನಿ), ಅಡ್ವಾನ್ಸ್ ಕೊಡಿ" ಅನ್ನೋರು ಒಂದು ಕಡೆ, "ಹೆಂಗಿದ್ರೂ ಹೋಗುತ್ತೆ, ಈಗ್ಲೇ ನಮಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸೋ ಅಧಿಕಾರ ಪತ್ರ) ಮಾಡ್ಕೊಡಿ, ಕ್ಯಾಶ್ ತಗೊಳ್ಳಿ" ಅನ್ನೋರು ಇನ್ನೊಂದು ಕಡೆ. ಎರಡನೇಯವರಿಗೆ ಬೇಕಾಗಿರೋದು ನಿಮ್ಮ ಪರಿಹಾರ. ಸೆಕ್ಷನ್ 11 ಅಧಿಸೂಚನೆ ಆದ್ಮೇಲೆ ಆ ಜಮೀನಿನ ವ್ಯವಹಾರನೇ ಮಾಡೋ ಹಾಗಿಲ್ಲ. ಇನ್ನು ಡಿನೋಟಿಫಿಕೇಶನ್ ಅನ್ನೋದು ಸರ್ಕಾರ ಜಮೀನನ್ನ ವಶಕ್ಕೆ ತಗೊಳ್ಳೋಕೆ ಮುಂಚೆ ಮಾತ್ರ ಮಾಡೋಕಾಗೋದು. ಅದನ್ನ ನೇರವಾಗಿ, ಬಹಿರಂಗವಾಗಿ, ಊರವರೆಲ್ಲಾ ಸೇರಿ ಕೇಳಿ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಗೋಸ್ಕರ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತ್ರು, 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಆ ಸ್ವಾಧೀನ ಕೈಬಿಡ್ತೀವಿ ಅಂದ್ರು. ಅಂತಿಮ ಅಧಿಸೂಚನೆ ಆದ್ಮೇಲೆ ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಇದನ್ನ ನೆನಪಿಸಿ.

ದುಡ್ಡಿನ ಲೆಕ್ಕಕ್ಕೆ ಬರೋಣ. 2013ರ ಕಾಯ್ದೆಯಲ್ಲಿ ಮಾರ್ಗಸೂಚಿ ಬೆಲೆ (ರಿಜಿಸ್ಟ್ರೇಷನ್ನಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಒಂದು ಕಡೆ, ಹಿಂದಿನ 3 ವರ್ಷದಲ್ಲಿ ಹತ್ತಿರದ ಊರುಗಳಲ್ಲಿ ಅದೇ ಥರದ ಜಮೀನಿಗೆ ಆದ ಕ್ರಯಪತ್ರಗಳಲ್ಲಿ ಜಾಸ್ತಿ ರೇಟ್ ಇರೋ ಅರ್ಧದಷ್ಟು ಪತ್ರಗಳನ್ನ ಮಾತ್ರ ತಗೊಂಡು ಮಾಡಿದ ಸರಾಸರಿ ಇನ್ನೊಂದು ಕಡೆ, ಇವೆರಡರಲ್ಲಿ ಯಾವುದು ಜಾಸ್ತಿನೋ ಅದು. ಹಳ್ಳಿ ಜಮೀನಿಗೆ ಅದನ್ನ 1ರಿಂದ 2ರೊಳಗಿನ ಗುಣಕದಿಂದ ಗುಣಿಸ್ತಾರೆ, ಮರ, ಮನೆ, ಬೋರ್‌ವೆಲ್ ಬೆಲೆ ಸೇರಿಸ್ತಾರೆ, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಬಲವಂತವಾಗಿ ತಗೊಂಡಿದ್ದಕ್ಕೆ ಕೊಡೋ ಹೆಚ್ಚುವರಿ ಹಣ), ಅಂದ್ರೆ ನೂರಕ್ಕೆ ನೂರು. ಜೊತೆಗೆ ಮಾರ್ಕೆಟ್ ಬೆಲೆ ಮೇಲೆ ವರ್ಷಕ್ಕೆ 12 ಪರ್ಸೆಂಟ್. ಹೈವೇ ಜಮೀನಿಗೂ 2015ರಿಂದ ಈ ಲೆಕ್ಕನೇ. ಕಷ್ಟ ಏನಂದ್ರೆ ಎಲ್ಲರೂ ಸ್ಟಾಂಪ್ ಫೀಸ್ ಉಳ್ಸಕ್ಕೆ ಕ್ರಯಪತ್ರದಲ್ಲಿ ಕಮ್ಮಿ ರೇಟ್ ತೋರ್ಸಿರ್ತಾರೆ, ಅದೇ ಈಗ ಎಲ್ಲರ ಜಮೀನಿನ ಬೆಲೆ ಆಗುತ್ತೆ. ಅದಕ್ಕೆ ಊರವರು ಸೇರಿ ಸಬ್ ರಿಜಿಸ್ಟ್ರಾರ್ ಆಫೀಸಿಂದ ನಿಜವಾದ ರೇಟ್ ಬರೆದಿರೋ ಪತ್ರಗಳನ್ನ ಹುಡುಕಿ ದೃಢೀಕೃತ ಪ್ರತಿ ತೆಗ್ಸಿ, ಐತೀರ್ಪಿಗೆ ಮುಂಚೆನೇ ವಿಶೇಷ ಭೂಸ್ವಾಧೀನಾಧಿಕಾರಿ ಮುಂದೆ ಹಾಜರು ಮಾಡಿ. ಗೇಣಿಗೆ ಮಾಡ್ತಿರೋರು, 3 ವರ್ಷದಿಂದ ಆ ಜಮೀನಲ್ಲೇ ಕೂಲಿ ಮಾಡಿ ಬದುಕ್ತಿರೋರು ಕೂಡ ಬಾಧಿತ ಕುಟುಂಬದ ಲೆಕ್ಕಕ್ಕೆ ಬರ್ತಾರೆ, ಅವರ ಹೆಸರನ್ನ ದಯವಿಟ್ಟು ಬಿಡಬೇಡಿ.

ಕೆಐಎಡಿಬಿಯಲ್ಲಿ 29(2) ಅಡಿ ಒಪ್ಪಂದದ ಐತೀರ್ಪು ಅಂತ ಒಂದಿದೆ, ದುಡ್ಡು ಬೇಗ ಬರುತ್ತೆ, ಆದ್ರೆ ಒಪ್ಪಿ ಸೈನ್ ಹಾಕಿದ್ಮೇಲೆ ಜಾಸ್ತಿ ಕೊಡಿ ಅಂತ ಕೇಳೋ ದಾರಿ ಮುಚ್ಚಿದಂಗೆ, ಹಾಗಾಗಿ ಲಾಯರ್‌ಗೆ ತೋರಿಸ್ದೆ ಸೈನ್ ಬೇಡ. ಒಪ್ಪಂದ ಇಲ್ದೆ ಬಂದ ಐತೀರ್ಪಿನ ದುಡ್ಡು ಕಮ್ಮಿ ಅನ್ಸಿದ್ರೆ ತಗೊಳ್ಳಲ್ಲ ಅಂತ ಹಟ ಮಾಡ್ಬೇಡಿ, ದುಡ್ಡು ಡೆಪಾಸಿಟ್ ಆಗುತ್ತೆ, ಜಮೀನೂ ಹೋಗುತ್ತೆ. ನಿರಾಕರಿಸಿದ್ರೆ ಸ್ವಾಧೀನ ರದ್ದಾಗುತ್ತೆ ಅಂತ ಕಾಯ್ತಿದ್ದವರಿಗೆ 2020ರಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಆ ಬಾಗಿಲು ಹಾಕ್ಬಿಟ್ಟಿದೆ. ತಗೊಳ್ಳಿ, ಆದ್ರೆ ರಸೀದಿ ಮೇಲೆ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ನಿಮ್ಮ ಕೈಯಾರೆ ಬರೆದು ಸೈನ್ ಹಾಕಿ. ಈ ಎರಡು ಪದ ಇಲ್ಲಾಂದ್ರೆ 2013ರ ಕಾಯ್ದೆಯಲ್ಲಿ ಹೆಚ್ಚುವರಿ ಪರಿಹಾರದ ಅರ್ಜಿನೇ ನಿಲ್ಲಲ್ಲ. ಐತೀರ್ಪಿನ ದಿನ ನೀವು ಹಾಜರಿದ್ರೆ ಆ ಅರ್ಜಿಗೆ ಬರೀ 6 ವಾರ ಟೈಮು.

2013ರ ಕಾಯ್ದೆಯಲ್ಲಿ ಜಮೀನು ವಶಕ್ಕೆ ತಗೊಳ್ಳೋಕೆ ಬರೋ ಹೊತ್ತಿಗೆ ಪರಿಹಾರ ಪೂರ್ತಿ ಕೊಟ್ಟಿರಬೇಕು, ತುರ್ತು ಕಲಂ ಹಾಕಿದ್ರೂ 80 ಪರ್ಸೆಂಟ್ ಮೊದಲೇ ಕೊಡ್ಬೇಕು, ಆ ತುರ್ತು ಕೂಡ ದೇಶದ ರಕ್ಷಣೆ, ಭದ್ರತೆ, ಪ್ರಕೃತಿ ವಿಕೋಪದಂಥ ಕೆಲವೇ ಕಾರಣಗಳಿಗೆ. ಕೆಐಎಡಿಬಿಯವರು ಜಾಗ ಬಿಡಿ ಅಂತ ಲಿಖಿತ ನೋಟಿಸ್ ಕೊಟ್ಟು 30 ದಿನ ಕಾಯ್ಬೇಕು. ನೋಟಿಸೇ ಇಲ್ದೆ ಜೆಸಿಬಿ ಬಂದ್ರೆ ಅದರ ಮುಂದೆ ಮಲಗೋದಕ್ಕಿಂತ ವಿಡಿಯೋ ಮಾಡಿ, ಆದೇಶದ ಪ್ರತಿ ಕೇಳಿ, ಅವತ್ತೇ ಲಾಯರ್‌ನ ಹೈಕೋರ್ಟಿಗೆ ಕಳ್ಸಿ. ಬೆಂಗಳೂರು ಅಷ್ಟೇ ಅಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕೋದನ್ನ ತಡ ಮಾಡಿದ್ರೆ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ವಜಾ ಆಗಬಹುದು. ಫೀಸಿಗೆ ದುಡ್ಡಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ರೂ ಲಾಯರ್ ಉಚಿತ.

ಆಮೇಲೆ ಪಕ್ಕದವರ ಕೇಸಿನ ಮೇಲೂ ಒಂದು ಕಣ್ಣಿಟ್ಟಿರಿ. ಅದೇ ಅಧಿಸೂಚನೆಯಲ್ಲಿ ಹೋದ ಬೇರೆಯವರ ಜಮೀನಿಗೆ, ಹೆಚ್ಚುವರಿ ಪರಿಹಾರದ ಅರ್ಜಿ ವಿಚಾರಿಸೋ ಪ್ರಾಧಿಕಾರ ಜಾಸ್ತಿ ಪರಿಹಾರ ಕೊಟ್ರೆ, ಆಗ ಅರ್ಜಿ ಹಾಕದೆ ಸುಮ್ನಿದ್ದವರೂ ನಮಗೂ ಅಷ್ಟೇ ಕೊಡಿ ಅಂತ 2013ರ ಕಾಯ್ದೆಯ ಸೆಕ್ಷನ್ 73ರಲ್ಲಿ ಕೇಳಬಹುದು. ಅದಕ್ಕೆ ಆ ತೀರ್ಪು ಬಂದ ದಿನದಿಂದ 3 ತಿಂಗಳು ಟೈಮ್ ಇರುತ್ತೆ, ತೀರ್ಪಿನ ಪ್ರತಿ ತೆಗ್ಸೋಕೆ ಹಿಡಿದ ದಿನಗಳನ್ನ ಆ 3 ತಿಂಗಳ ಲೆಕ್ಕಕ್ಕೆ ಸೇರ್ಸಲ್ಲ.