ಕ್ಲಿಪ್ ಆಗದಂತೆ ರೆಕಾರ್ಡ್ ಮಾಡುವುದು: ಗೇನ್ ಎಷ್ಟಿಡಬೇಕು?

ಇಡೀ ಟೇಕ್ ಸೊಗಸಾಗಿ ಬಂದು, ಏರುದನಿಯ ಒಂದೇ ಒಂದು ಸಾಲು ಪರಪರ ಅಂತ ಒಡೆದು ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಡಿಜಿಟಲ್ ಮೀಟರ್‌ನಲ್ಲಿ 0 ಡಿಬಿ ಅಂದರೆ ಛಾವಣಿ. ಅದರ ಮೇಲಿನ ಸದ್ದನ್ನು ಬರೆದಿಡಲು ಅಂಕಿಯೇ ಇಲ್ಲ, ಹಾಗಾಗಿ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್. ಆಮೇಲೆ ವಾಲ್ಯೂಮ್ ಇಳಿಸಿದರೆ ಅದೇ ಚಪ್ಪಟೆ ತಲೆ ಸಣ್ಣದಾಗಿ ಕೇಳುತ್ತದೆ, ಅಷ್ಟೇ. ಇದನ್ನು ಸರಿಪಡಿಸಲು ಡಿಕ್ಲಿಪ್ಪರ್ ಪ್ಲಗಿನ್‌ಗಳಿವೆ, ಆದರೆ ಅವು ತುಂಬುವುದು ಊಹೆಯನ್ನು.

ಮೊದಲು ಸಾಫ್ಟ್‌ವೇರ್‌ನಲ್ಲಿ 24 ಬಿಟ್ ಆರಿಸಿ. ಹಾಡುವವರಿಗೆ ಹಾಡಿನ ಅತಿ ಜೋರಾದ ಭಾಗವನ್ನೇ ಹಾಡಲು ಹೇಳಿ, "ಹಲೋ ಚೆಕ್" ಸಾಲದು. ಪೀಕ್, ಅಂದರೆ ಮೀಟರ್ ಮುಟ್ಟುವ ಅತಿ ಎತ್ತರ, -12 ಡಿಬಿ ಆಸುಪಾಸಿಗೆ ಬರುವ ಹಾಗೆ ಇಂಟರ್‌ಫೇಸ್‌ನ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಗೇನ್, ಅಂದರೆ ಒಳಬರುವ ಸಿಗ್ನಲ್ ಹಿಗ್ಗಿಸುವ ಗುಂಡಿ, ತಿರುಗಿಸಿ. ಸರಾಸರಿ ಮಟ್ಟ -18ರ ಹತ್ತಿರ ಆಡುತ್ತಿದ್ದರೆ ಸರಿಯಾಗಿದೆ. ನಿಜವಾದ ಟೇಕ್‌ನಲ್ಲಿ ಹುಮ್ಮಸ್ಸು ಬಂದು ಎಲ್ಲರೂ ಇನ್ನೂ ಜೋರಾಗಿ ಹಾಡುತ್ತಾರೆ, ಮೇಲೆ ಬಿಟ್ಟ ಆ ಖಾಲಿ ಜಾಗ, ಅಂದರೆ ಹೆಡ್‌ರೂಮ್, ಇರುವುದೇ ಅದಕ್ಕೆ.

ಅಲೆ ಸಣಕಲಾಗಿ ಕಂಡರೆ ಗಾಬರಿ ಬೇಡ. ನಾನೂ ಶುರುವಿನಲ್ಲಿ ಟ್ರ್ಯಾಕ್ ತುಂಬಿದ ಹಾಗೆ ಕಾಣಬೇಕು ಅಂತ ಸುಮ್ನೆ ಗೇನ್ ಏರಿಸಿ ಎಷ್ಟೋ ಟೇಕ್ ಹಾಳು ಮಾಡಿಕೊಂಡಿದ್ದೇನೆ. ಟೇಪ್ ಕಾಲದಲ್ಲಿ ಹಿಸ್, ಅಂದರೆ ಟೇಪ್‌ನದೇ ಸುಸ್ಸೆನ್ನುವ ಸದ್ದು, ಮುಚ್ಚಲು ಜೋರಾಗಿ ತುಂಬಬೇಕಿತ್ತು, ಟೇಪ್ ಒಡೆಯುವಾಗಲೂ ಮೆಲ್ಲಗೆ ಒಡೆಯುತ್ತಿತ್ತು. ಈಗ ಲೆಕ್ಕವೇ ಬೇರೆ: ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನವರೆಗೆ ಸಿಗುವ ಅಂತರ ಒಂದು ಬಿಟ್‌ಗೆ ಸುಮಾರು 6 ಡಿಬಿ, 16 ಬಿಟ್‌ಗೆ 96, 24 ಬಿಟ್‌ಗೆ ಕಾಗದದ ಮೇಲೆ 144. ಇದರಲ್ಲಿ 12 ಡಿಬಿ ಮೇಲೆ ಬಿಟ್ಟರೂ ಕೆಳಗೆ ಕೇಳಿಸುವುದು ನಿಮ್ಮ ಕೋಣೆಯ ಫ್ಯಾನ್ ಸದ್ದೇ ಹೊರತು ಬಿಟ್‌ಗಳ ಕೊರತೆಯಲ್ಲ. ಕಿವಿಗೆ ಕಡಿಮೆ ಅನಿಸಿದರೆ ಹೆಡ್‌ಫೋನ್ ಏರಿಸಿ, ಗೇನ್ ಅಲ್ಲ.

ಜಾಸ್ತಿ ಜನ ಎಡವುವುದು ಫೇಡರ್‌ನಲ್ಲಿ, ಅಂದರೆ ವಾಲ್ಯೂಮ್ ಏರಿಸಿ ಇಳಿಸುವ ಜಾರುಪಟ್ಟಿಯಲ್ಲಿ. ಪರದೆ ಮೇಲಿನ ಫೇಡರ್ ಕೆಲಸ ಮಾಡುವುದು ರೆಕಾರ್ಡ್ ಆದ ಮೇಲಿನ ಸದ್ದಿನ ಮೇಲೆ, ಒಳಗೆ ಬರುವ ಸಿಗ್ನಲ್ ಒಡೆದಿದ್ದರೆ ಅದನ್ನು ಎಷ್ಟು ಎಳೆದರೂ ಏನೂ ಆಗುವುದಿಲ್ಲ. ಮೀಟರ್ ಕೆಳಗಿದ್ದೂ ಸದ್ದು ಒರಟಾಗಿದ್ದರೆ ಮೈಕ್ ಅಥವಾ ಪ್ರೀಆಂಪ್ (ಮೈಕ್ ಸಿಗ್ನಲ್ ಹಿಗ್ಗಿಸುವ ಭಾಗ) ಒಳಗೇ ಒಡೆಯುತ್ತಿರಬಹುದು. ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಒತ್ತಿ, ಇಲ್ಲವೇ ಮೈಕ್ ಹಿಂದಕ್ಕೆ ಸರಿಸಿ. ದೂರ ಎರಡರಷ್ಟಾದರೆ ಹೆಚ್ಚುಕಡಿಮೆ 6 ಡಿಬಿ ಇಳಿಯುತ್ತದೆ, ಜೊತೆಗೆ ಕೋಣೆಯ ಸದ್ದು ಸ್ವಲ್ಪ ಜಾಸ್ತಿ ಬರುತ್ತದೆ.

ಮಿಕ್ಸ್ ಮಾಡುವಾಗ ಮಾತ್ರ ಸ್ವಲ್ಪ ನಿರಾಳ. ಇವತ್ತಿನ ಸಾಫ್ಟ್‌ವೇರ್‌ಗಳು ಒಳಗೆ 0 ಡಿಬಿ ಮೇಲಿನ ಸದ್ದನ್ನೂ ಹಿಡಿದಿಡುವ 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕ ಹಾಕುವುದರಿಂದ ಟ್ರ್ಯಾಕ್‌ನ ಮೀಟರ್ ಕೆಂಪಾದರೂ ಮಾಸ್ಟರ್ (ಒಟ್ಟು ಮಿಕ್ಸ್‌ನ ಫೇಡರ್) ಇಳಿಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಕೆಂಪಿನಲ್ಲೇ 24 ಬಿಟ್ ವೇವ್ ಫೈಲ್ ತೆಗೆದರೆ ಕ್ಲಿಪ್ ಅದರಲ್ಲೇ ಕೂರುತ್ತದೆ. ಕೊನೆಯ ಲಿಮಿಟರ್‌ನ (ಸದ್ದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಸೀಲಿಂಗ್, ಅಂದರೆ ಆ ಮಿತಿ, -1 ಡಿಬಿಗೆ ಇಡಿ, ಟ್ರೂ ಪೀಕ್ (ಅಂಕಿಗಳ ನಡುವೆ ಏಳುವ ಪೀಕನ್ನೂ ಹಿಡಿಯುವ) ಆಯ್ಕೆ ಇದ್ದರೆ ಆನ್ ಮಾಡಿ. ಯಾಕೆಂದರೆ ಎಂಪಿ3 ಮಾಡುವಾಗ ಪೀಕ್‌ಗಳು ಚೂರು ಮೇಲೇಳುತ್ತವೆ.