ಎನಮ್‌ನಲ್ಲಿ ಕೆಲವು ಮೌಲ್ಯಗಳಷ್ಟೇ ಬೇಕಾದಾಗ

ನಮ್ಮ ಆರ್ಡರ್ ನಿರ್ವಹಣೆಯ ತಂತ್ರಾಂಶದಲ್ಲಿ ಒಂದು ಆರ್ಡರ್‌ಗೆ ಆರು ಸ್ಥಿತಿಗಳು: ಹೊಸದು, ಪಾವತಿಯಾದದ್ದು, ಪ್ಯಾಕ್ ಆದದ್ದು, ರವಾನೆಯಾದದ್ದು, ತಲುಪಿದ್ದು, ರದ್ದಾದದ್ದು. ಹೀಗೆ ಹೆಸರಿಟ್ಟ ನಿಗದಿತ ಮೌಲ್ಯಗಳ ಗುಂಪೇ ಎನಮ್. ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇವನ್ನು ಸ್ಟ್ರಿಂಗ್‌ಗಳ ಯೂನಿಯನ್ ಆಗಿ, ಅಂದರೆ ‘ಈ ಆರು ಪದಗಳಲ್ಲಿ ಒಂದು’ ಎನ್ನುವ ಟೈಪ್ ಆಗಿ, ಬರೆದಿದ್ದೇವೆ. ಗ್ರಾಹಕರು ರದ್ದುಮಾಡಬಹುದಾದದ್ದು ಮೊದಲ ಮೂರನ್ನು ಮಾತ್ರ. ರದ್ದತಿಯ ಫಂಕ್ಷನ್‌ಗೆ ರವಾನೆಯಾದ ಆರ್ಡರನ್ನು ಕೊಟ್ಟರೆ ಕೋಡ್ ಕಂಪೈಲ್ ಆಗಲೇಬಾರದು, ಓಡುವ ಮೊದಲಿನ ಪರಿಶೀಲನೆಯಲ್ಲೇ ನಿಲ್ಲಬೇಕು ಎಂಬುದು ನನ್ನ ಹಟ.

2018ರಲ್ಲಿ ಬಂದ 2.8ನೇ ಆವೃತ್ತಿಯಿಂದಲೇ ಇದಕ್ಕೆ ಎರಡು ಸಿದ್ಧ ಸಲಕರಣೆಗಳಿವೆ. ಬೇಡದ್ದನ್ನು ಕಳೆಯುವುದು ಎಕ್ಸ್‌ಕ್ಲೂಡ್, ಬೇಕಾದದ್ದನ್ನು ಆರಿಸುವುದು ಎಕ್ಸ್‌ಟ್ರ್ಯಾಕ್ಟ್. ಇವತ್ತಿಗೆ ಎರಡರ ಫಲವೂ ಒಂದೇ. ನಾಳೆ ಯಾರಾದರೂ ‘ವಾಪಸಾದದ್ದು’ ಎಂಬ ಏಳನೆಯ ಸ್ಥಿತಿಯನ್ನು ಸೇರಿಸಿದರೆ ಮಾತ್ರ ಎಕ್ಸ್‌ಕ್ಲೂಡ್ ಅದನ್ನೂ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಹಣ ಹಿಂದಿರುಗಿಸುವ ಕೆಲಸದಲ್ಲಿ ಇಂಥ ಉದಾರತೆ ಬೇಡ. ಎಕ್ಸ್‌ಟ್ರ್ಯಾಕ್ಟ್‌ಗೂ ಒಂದು ಐಬು ಉಂಟು: ಹೆಸರಿನ ಕಾಗುಣಿತ ತಪ್ಪಿದರೆ ಅದು ದೂರುವುದಿಲ್ಲ, ಆ ಹೆಸರನ್ನೇ ಕೈಬಿಟ್ಟು ಮುಂದೆ ಹೋಗುತ್ತದೆ.

ಹಾಗಾಗಿ ನಾನು ಟೈಪಿನಿಂದ ಆರಂಭಿಸುವುದಿಲ್ಲ, ಪಟ್ಟಿಯಿಂದ ಆರಂಭಿಸುತ್ತೇನೆ. ಮೂರು ಸ್ಥಿತಿಗಳನ್ನು ಒಂದು ಅರೇಯಲ್ಲಿ (ಮೌಲ್ಯಗಳ ಸಾಲಿನಲ್ಲಿ) ಬರೆದು, ಹೆಸರುಗಳನ್ನು ಇದ್ದಂತೆಯೇ ಟೈಪಿನಲ್ಲಿ ಉಳಿಸುವ ಆ್ಯಸ್ ಕಾನ್ಸ್ಟ್ ಹಾಕಿ, ಅದರ ಮುಂದೆ ಎಲ್ಲವೂ ಆ ಆರರೊಳಗಿನವೇ ಎಂದು ಪರೀಕ್ಷಿಸುವ ಸ್ಯಾಟಿಸ್‌ಫೈಸ್ ಸೇರಿಸುತ್ತೇನೆ, ಇದು 4.9ರಲ್ಲಿ ಬಂತು. ಕಾಗುಣಿತ ತಪ್ಪಿದರೆ ಅದೇ ಸಾಲಿನಲ್ಲಿ ಕೆಂಪು ಗೆರೆ ಬೀಳುತ್ತದೆ. ಉಪಗಣದ ಟೈಪನ್ನು ಆ ಅರೇಯಿಂದಲೇ ಪಡೆಯುತ್ತೇನೆ. ಪ್ರೋಗ್ರಾಂ ಓಡುವಾಗ ಪರೀಕ್ಷಿಸಲು ಬೇಕಾದ ಪಟ್ಟಿಯೂ ಅದೇ ಆದ್ದರಿಂದ ಎರಡು ಕಡೆ ತಿದ್ದುವ ಕೆಲಸವಿಲ್ಲ.

ಡೇಟಾಬೇಸ್‌ನಿಂದ ಬಂದ ಸ್ಥಿತಿ ಈ ಮೂರರಲ್ಲಿ ಒಂದೋ ಅಲ್ಲವೋ ಎಂದು ನೋಡಲು ಹೋದರೆ, ಅರೇಯಲ್ಲಿ ಹುಡುಕುವ ಇನ್‌ಕ್ಲೂಡ್ಸ್ ಎಂಬ ಫಂಕ್ಷನ್ ತಕರಾರು ತೆಗೆಯುತ್ತದೆ. ಮೂರರ ಪಟ್ಟಿಯಲ್ಲಿ ಆರರಲ್ಲೊಂದನ್ನು ಹುಡುಕುವಂತಿಲ್ಲವಂತೆ! ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದಾಗಲೇ ಅಲ್ಲವೇ ಹುಡುಕುವುದು? ಆ ಪಟ್ಟಿಯನ್ನು ವಿಶಾಲವಾದ ಟೈಪಿಗೆ ಹಿಗ್ಗಿಸಿ ನೋಡುವ ಒಂದೇ ಸಾಲಿನ ಟೈಪ್ ಗಾರ್ಡ್, ಅಂದರೆ ಮೌಲ್ಯ ಯಾವ ಟೈಪಿನದೆಂದು ಕಂಪೈಲರ್‌ಗೆ ಹೇಳುವ ಫಂಕ್ಷನ್, ಬರೆದುಕೊಂಡಿದ್ದೇನೆ. ಗಾರ್ಡ್ ಹೇಳಿದ್ದನ್ನು ಕಂಪೈಲರ್ ಕಣ್ಣುಮುಚ್ಚಿ ನಂಬುತ್ತದೆ. ಅದಕ್ಕೇ ಆರೂ ಸ್ಥಿತಿಗಳನ್ನು ಕೊಟ್ಟು ನೋಡುವ ಟೆಸ್ಟ್ ಅದರ ಪಕ್ಕದಲ್ಲೇ ಇದೆ.

ಇದೇ ಕೆಲಸಕ್ಕೆ ಏಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಬ್‌ಟೈಪ್ (ಒಂದು ಟೈಪಿನ ಕೆಲವು ಮೌಲ್ಯಗಳನ್ನಷ್ಟೇ ಒಪ್ಪುವ ಟೈಪ್) ಮೊದಲಿನಿಂದಲೂ ಇದೆ. ವಾರದ ದಿನಗಳ ಎನಮ್ ಇದ್ದರೆ ಸೋಮವಾರದಿಂದ ಶುಕ್ರವಾರದವರೆಗೆ ಎಂದು ಒಂದೇ ಸಾಲಿನಲ್ಲಿ ಹೇಳಬಹುದು, ವ್ಯಾಪ್ತಿ ಮೀರಿದ ಮೌಲ್ಯವನ್ನು ಓಡುವಾಗ ತಡೆಯುತ್ತದೆ. ನಡುವೆ ಬಿಟ್ಟು ಬಿಟ್ಟು ಆರಿಸಲು ಏಡಾ 2012ರ ಸ್ಟ್ಯಾಟಿಕ್ ಪ್ರೆಡಿಕೇಟ್ (ಯಾವ ಮೌಲ್ಯಗಳು ಸಲ್ಲುತ್ತವೆ ಎಂದು ಹೇಳುವ ಷರತ್ತು) ಬೇಕಾಯಿತು. ನಮ್ಮ ಮೂರು ಸ್ಥಿತಿಗಳು ಸಾಲಾಗಿಯೇ ಇರುವುದರಿಂದ ಅಲ್ಲಿ ವ್ಯಾಪ್ತಿಯೇ ಸಾಕಾಗುತ್ತಿತ್ತು. ಆದರೂ ನಾನು ಹೆಸರು ಹೇಳಿಯೇ ಆರಿಸುತ್ತಿದ್ದೆ: ಪಾವತಿಗೂ ಪ್ಯಾಕಿಂಗ್‌ಗೂ ನಡುವೆ ‘ತಡೆಹಿಡಿದದ್ದು’ ಎಂದು ಯಾರಾದರೂ ತುರುಕಿದರೆ ವ್ಯಾಪ್ತಿಯೂ ಅದನ್ನು ಕೇಳದೆ ಒಳಗೆ ಸೇರಿಸಿಕೊಳ್ಳುತ್ತದೆ.