ವಾಲ್ವ್ ಹಾಕಿಸಿದ ವಾರ ಅಮ್ಮನ ಕೈಲಿ ರಂಗೋಲಿ ಬರೆಸಿದ್ದು

ಅಮ್ಮನಿಗೆ 78. ಹಿತ್ತಲಿಗೆ ಹೋಗಿ ನಾಲ್ಕು ದಾಸವಾಳ ಕಿತ್ತು ಬರುವಷ್ಟರಲ್ಲಿ ಏದುಸಿರು. ಹೃದಯದ ಮುಖ್ಯ ವಾಲ್ವ್ ಸುಣ್ಣಗಟ್ಟಿ ಬಿಗಿದುಕೊಂಡಿತ್ತು. ಎದೆ ಕೊಯ್ಯುವುದು ಬೇಡ, ತೊಡೆಸಂದಿನ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸೋಣ ಅಂದರು ಡಾಕ್ಟರು. ಟಾವಿ ಅಂತಾರೆ. 2002ರಲ್ಲಿ ಫ್ರಾನ್ಸಿನಲ್ಲಿ ಡಾ. ಅಲೆನ್ ಕ್ರಿಬಿಯೇ ಮೊದಲು ಮಾಡಿದ್ದು. ಈಗ ಗುಜರಾತಿನ ವಾಪಿಯ ಕಂಪನಿಯೇ ಇಂಥ ವಾಲ್ವ್ ಮಾಡುತ್ತದೆ.

ನನಗಿದ್ದ ಹೆದರಿಕೆ ಸ್ಟ್ರೋಕಿನದು. ಹೊಸದನ್ನು ಒತ್ತಿ ಕೂರಿಸುವಾಗ ಹಳೆಯದರ ಚೂರು ಕಳಚಿ ಮೆದುಳಿಗೆ ಹೋಗಬಹುದು. ನೂರರಲ್ಲಿ ಎರಡು ಮೂರು ಜನಕ್ಕೆ ಹೀಗಾಗುತ್ತದೆ, ಅದೂ ಹೆಚ್ಚಾಗಿ ಮೊದಲ ಎರಡು ಮೂರು ದಿನಗಳಲ್ಲಿ.

ಚೂರು ಹಿಡಿಯುವ ಫಿಲ್ಟರ್ ಇದೆ. ಬಲಗೈ ಮಣಿಕಟ್ಟಿನಿಂದ ಒಳಗೆ ಬಿಟ್ಟು, ಮೆದುಳಿಗೆ ಹೋಗುವ ರಕ್ತನಾಳಗಳಲ್ಲಿ ಎರಡು ಪುಟ್ಟ ಜಾಲರಿ ಇಡುತ್ತಾರೆ. ಆದರೆ ಬ್ರಿಟನ್ನಿನಲ್ಲಿ 7,635 ಜನರ ಮೇಲೆ ನೋಡಿದಾಗ ಫಿಲ್ಟರ್ ಇದ್ದವರಲ್ಲಿ 2.1, ಇಲ್ಲದವರಲ್ಲಿ 2.2 ಶೇಕಡಾ ಸ್ಟ್ರೋಕ್. 2025ರಲ್ಲಿ ಬಂದ ಫಲಿತಾಂಶ. ಹಾಗಾಗಿ ನಮ್ಮ ಅಮ್ಮನಿಗೆ ಬೇಕಾ ಅಂತ ಡಾಕ್ಟರನ್ನು ಕೇಳಿ, ಆದರೆ ಅದಕ್ಕೋಸ್ಕರ ಬಂಗಾರ ಅಡವಿಡಬೇಡಿ.

ಮನೆಯವರ ಕೈಲಿರುವುದು ಬೇಗ ಗುರುತಿಸುವುದು. ಆಪರೇಷನ್ನಿನ ಹಿಂದಿನ ದಿನವೇ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ. ನಗಲಿ, ಎರಡೂ ಕೈ ಎತ್ತಿ ಹಿಡಿಯಲಿ, ಊರು, ಮೊಮ್ಮಕ್ಕಳ ಹೆಸರು ಹೇಳಲಿ, ನಾಲ್ಕು ಹೆಜ್ಜೆ ನಡೆಯಲಿ. ನಾನು ಇನ್ನೊಂದು ಸೇರಿಸಿದೆ: ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಚುಕ್ಕಿ ಐದು ಸಾಲಿನ ರಂಗೋಲಿ. ಅಮ್ಮ ಕಣ್ಣು ಮುಚ್ಚಿ ಬೇಕಾದರೂ ಹಾಕುವಂಥದ್ದು.

ವಾಲ್ವ್ ಹಾಕಿದ ಮರುದಿನದಿಂದ ಬೆಳಿಗ್ಗೆ, ಸಂಜೆ ಇಷ್ಟನ್ನೂ ಮಾಡಿಸಿದೆ. ನಡಿಗೆ ಮಾತ್ರ ಡಾಕ್ಟರು ಒಪ್ಪಿದ ಮೇಲೆ. ಎರಡನೇ ಸಂಜೆ ಡ್ಯೂಟಿ ಡಾಕ್ಟರ್ ಅಮ್ಮನ ಮುಖ ನೋಡಿ ಒಂದು ಕ್ಷಣ ನಿಂತರು. ತುಟಿಯ ಎಡತುದಿ ತುಸು ಕೆಳಗಿತ್ತು. ವಿಡಿಯೋ ತೋರಿಸಿದೆ. ಮುಂಚೆಯೂ ಹಾಗೇ ಇತ್ತು! ರಂಗೋಲಿಯ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆವು. ಗೆರೆ ಸ್ವಲ್ಪ ನಡುಗಿತ್ತು, ಕೈಗೆ ಡ್ರಿಪ್ಪಿನ ಸೂಜಿ ಇತ್ತಲ್ಲ. ಆದರೆ ಒಂದು ಚುಕ್ಕಿಯೂ ಬಿಟ್ಟುಹೋಗಿರಲಿಲ್ಲ. ಆದರೂ ಅವರು ಕೈಕಾಲು, ಕಣ್ಣು, ಮಾತು ಎಲ್ಲ ಪರೀಕ್ಷೆ ಮಾಡಿಯೇ ಹೋದರು.

ಮುಖ ವಾಲಿದರೆ, ಒಂದು ಕೈ ಜಾರಿದರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ ಗಡಿಯಾರ ನೋಡಿ. ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ; ಡಾಕ್ಟರು ಮೊದಲು ಕೇಳುವುದೇ ಅದನ್ನು. ಆಸ್ಪತ್ರೆಯಲ್ಲಿದ್ದರೆ ಆಗಲೇ ನರ್ಸನ್ನು ಕರೆಯಿರಿ. ಮನೆಯಲ್ಲಿದ್ದರೆ 108. ಸುಸ್ತಿರಬೇಕು, ಮಲಗಲಿ ಅಂತ ಸುಮ್ನೆ ಬಿಡಬೇಡಿ. ನೀರು, ಕಾಫಿ, ಮಾತ್ರೆ ಏನೂ ಬಾಯಿಗೆ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋದೀತು.

ಮನೆಗೆ ಬಂದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಮಾತ್ರೆ. ಬೇರೆ ಕಾರಣ ಇಲ್ಲದಿದ್ದರೆ ಈಗ ಸಾಮಾನ್ಯವಾಗಿ ಆಸ್ಪಿರಿನ್ ಒಂದೇ ಕೊಡುತ್ತಾರೆ. ಇಂಥ ಎರಡು ಮಾತ್ರೆ ಸೇರಿದರೆ ರಕ್ತಸ್ರಾವ ಜಾಸ್ತಿ. ಪಕ್ಕದ ಮನೆಯವರಿಗೆ ಎರಡು ಕೊಟ್ಟಿದ್ದಾರಲ್ವಾ ಅಂತ ನೀವೇ ಸೇರಿಸಬೇಡಿ, ನಿಲ್ಲಿಸಲೂಬೇಡಿ. ನಾಡಿ ಎರ್ರಾಬಿರ್ರಿ ಬಡಿದರೆ ತೋರಿಸಿ. ಹೃದಯದ ಬಡಿತ ತಾಳ ತಪ್ಪಿದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೆ ಬೇರೆ ಮಾತ್ರೆ ಬೇಕು. ಹಲ್ಲು ಕೀಳಿಸುವ ಮೊದಲು ವಾಲ್ವ್ ವಿಷಯ ದಂತವೈದ್ಯರಿಗೆ ಹೇಳಿ. ಮುಂಚಿತವಾಗಿ ಆಂಟಿಬಯಾಟಿಕ್ ತಗೊಳ್ಳಬೇಕಾಗುತ್ತದೆ.